ಜೇಬಿನ ಡಬ್ಬಿ

ಕಣ್ಣು ಮುಚ್ಚಿ ಕೂತರೆ ತನಗೆ ಕಳೆದುಹೋದದ್ದು ಕಾಣುತ್ತದೆ ಎಂಬುದನ್ನು ಇಸ್ತ್ರಿಯವಳು ಎಂದೂ ದೊಡ್ಡದು ಮಾಡಿಕೊಂಡವಳಲ್ಲ. ಬೀದಿಯವರ ಬೀಗದ ಕೈ, ಕನ್ನಡಕ, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟು, ಎಲ್ಲವನ್ನೂ ಪೆಟ್ಟಿಗೆಗೆ ಕೆಂಡ ತುಂಬುತ್ತಲೇ ಹೇಳಿಬಿಡುತ್ತಿದ್ದಳು. ಆ ಸುದ್ದಿ ಕೇಳಿಯೇ ಹಾರುವ ತಟ್ಟೆ ಶೋಧಕರ ಸಂಘದ ಮೇಷ್ಟ್ರು ಅವಳ ಗಾಡಿ ಹುಡುಕಿಕೊಂಡು ಬಂದರು.

ಇಪ್ಪತ್ತೆರಡು ವರ್ಷದ ಹಿಂದೆ ಊರಾಚೆಯ ಕಲ್ಲು ಕ್ವಾರಿಗೆ ಆಕಾಶದಿಂದೇನೋ ಬಿದ್ದಿತ್ತು. 'ಹವಾಮಾನದ ಬಲೂನು' ಎಂದಿತು ಸರ್ಕಾರ. ಕೂಲಿಗಳಿಂದ ಚೂರುಪಾರನ್ನೆಲ್ಲ ಆಯಿಸಿ ಹೊತ್ತುಕೊಂಡು ಹೋಯಿತು. ಆ ಕೂಲಿಗಳ ಬಟ್ಟೆಯನ್ನು ಸರ್ಕಾರ ಒಗೆಯಲು ಕಳಿಸಿದ್ದು ಆಸ್ಪತ್ರೆಯ ಲಾಂಡ್ರಿಗೆ. ಒಗೆದದ್ದು ಇಸ್ತ್ರಿಯವಳ ಅಮ್ಮ. ವಾರದೊಳಗೆ ಅಮ್ಮನ ಅಂಗೈ ಈರುಳ್ಳಿಯ ಹಾಗೆ ಸುಲಿಯಿತು. ಡಾಕ್ಟರು 'ಸೋಪಿನ ಅಲರ್ಜಿ' ಎಂದು ಬರೆದು ಕೈ ತೊಳೆದುಕೊಂಡರು. ಅವರ ಕೈಗೇನೂ ಆಗಲಿಲ್ಲ. ಅಮ್ಮ ಇವತ್ತಿಗೂ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ನೀರು ಕುಡಿಯುತ್ತಾಳೆ. ಅಮ್ಮ ಬದುಕಿರುವಾಗಲೇ ಆ ಎರಡು ಪದಗಳ ಮೇಲೆ ಗೀಟು ಬೀಳಬೇಕು. ಸಂಘಕ್ಕೆ ಇಸ್ತ್ರಿಯವಳು ಹೋದದ್ದು ಅದಕ್ಕೇ, ತಟ್ಟೆಗಲ್ಲ.

ಸಂಘದ ಕ್ರಮ ಕಟ್ಟುನಿಟ್ಟು. ಏನನ್ನು ಹುಡುಕಬೇಕೆಂದು ಒಳಗೆ ಬರೆದಿಟ್ಟು ಮುಚ್ಚಿದ ಲಕೋಟೆಯ ಮೇಲೆ ಒಂದು ಸಂಖ್ಯೆ ಮಾತ್ರ ಇರುತ್ತದೆ. ಅದರ ಮೇಲೆ ಕೈಯಿಟ್ಟು, ಕಂಡದ್ದನ್ನು ಹೆಸರಿಡದೆ ಗೀಚಬೇಕು. ನೋಡುವವರ ಸ್ವಂತ ಬದುಕು ನಡುವೆ ನುಸುಳಿದರೆ ಅದು 'ಮನೆ ಗದ್ದಲ'. ಮೇಷ್ಟ್ರ ಕೆಂಪು ಪೆನ್ಸಿಲಿಗೆ ಆಹುತಿ.

ಕ್ವಾರಿಯ ಲಕೋಟೆಯ ಮೇಲೆ ಕೈಯಿಟ್ಟು ಅವಳು ಗೀಚಿದಳು: ಉದ್ದನೆಯ ಕೋಣೆ, ಹಬೆ, ಹಲಗೆ, ಹಲಗೆಯ ಮೇಲೊಂದು ದುಂಡನೆಯದು.

"ಲಾಂಡ್ರಿ!" ಮೇಷ್ಟ್ರು ನಕ್ಕರು. "ತಾಯೀ, ನಿನ್ನ ತಲೆ ತುಂಬ ಬಟ್ಟೇನೇ. ಗದ್ದಲ." ಕೋಣೆ, ಹಬೆ, ಹಲಗೆಗಳ ಮೇಲೆ ಕೆಂಪು ಗೀಟು ಬಿತ್ತು. ದುಂಡನೆಯದು ಮಾತ್ರ ಉಳಿಯಿತು. "ಇದು ನೋಡು, ತಟ್ಟೆ!"

ಆ ತಟ್ಟೆಗಾಗಿ ಮೂರು ಭಾನುವಾರ ಕ್ವಾರಿ ಅಗೆದರು. ಸಿಕ್ಕಿದ್ದು ಲಾರಿಯ ಚಕ್ರದ ರಿಮ್ಮು. ಕೊರಳಿಗೆ ಸದಾ ದುರ್ಬೀನು ನೇತುಹಾಕಿಕೊಂಡಿರುವ ಸಂಘದ ಖಜಾಂಚಿ ಅದನ್ನೂ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡ. "ಬೇರೆ ಲೋಕದಲ್ಲೂ ಲಾರಿ ಇರಬಹುದಲ್ವಾ ಮೇಷ್ಟ್ರೇ?"

ಇಸ್ತ್ರಿಯವಳು ಗೀಟು ಬಿದ್ದ ಕಾಗದವನ್ನು ಅಮ್ಮನ ಮುಂದೆ ಹಿಡಿದಳು. ಅಮ್ಮ ಒಂದೇ ನೋಟಕ್ಕೆ ಹೇಳಿದಳು: "ಈ ದುಂಡಗಿರೋದು ನಮ್ಮ ಲಾಂಡ್ರಿ ಜೇಬಿನ ಡಬ್ಬಿ ಕಣೇ."

ಲಾಂಡ್ರಿಯವರ ಪದ್ಧತಿ ಅದು. ಬಟ್ಟೆ ನೀರಿಗೆ ಬೀಳುವ ಮುಂಚೆ ಪ್ರತಿ ಜೇಬನ್ನೂ ತಡವಬೇಕು. ಸಿಕ್ಕಿದ್ದನ್ನು ಚಿಂದಿಯಲ್ಲಿ ಗಂಟು ಕಟ್ಟಿ, ಬಟ್ಟೆಯ ಗುರುತಿನ ನಂಬರು ಹೊಲಿದು, ಡಬ್ಬಿಗೆ ಹಾಕಬೇಕು. ವಾರಸುದಾರ ಬಂದು ಕೇಳುವ ತನಕ ಯಾರೂ ಮುಟ್ಟುವಂತಿಲ್ಲ.

"ಆ ಕೂಲಿಯವರ ಒಂದು ಅಂಗಿ ಜೇಬಲ್ಲಿ ತಗಡಿನ ಚೂರಿತ್ತು. ನಲವತ್ತೊಂದು ನಂಬರು. ನಾನೇ ಗಂಟು ಹಾಕಿದ್ದು."

"ಅಮ್ಮಾ! ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಬಂದೋರೆಲ್ಲ ನನ್ನ ಕೈ ನೋಡಿದ್ರು. ಏನು ಮುಟ್ಟಿದೆ ಅಂತ ಒಬ್ರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಮಗಳು ತಲೆ ತಗ್ಗಿಸಿದಳು. ಮರುದಿನವೇ ಅಮ್ಮನನ್ನೂ ಮೇಷ್ಟ್ರನ್ನೂ ದುರ್ಬೀನಿನವನನ್ನೂ ಲಾಂಡ್ರಿಗೆ ಹೊರಡಿಸಿದಳು.

ಈಗಿನ ಮೇಸ್ತ್ರಿ ಹೆಂಗಸು ಅಮ್ಮನ ಕೈ ಕಂಡೊಡನೆ ಉಗ್ರಾಣದ ಬಾಗಿಲು ತೆರೆದಳು. "ಜೇಬಿನ ಡಬ್ಬಿ ಎಸೆಯೋದುಂಟಾ ಅಕ್ಕಾ? ಆಸ್ಪತ್ರೆ ಬಿದ್ರೂ ಡಬ್ಬಿ ಇರುತ್ತೆ." ತಳದಲ್ಲಿತ್ತು ನಲವತ್ತೊಂದನೆಯ ಗಂಟು. ಇಸ್ತ್ರಿಯವಳು ಇಕ್ಕಳದಲ್ಲೇ ಬಿಚ್ಚಿದಳು. ಉಗುರಿನಗಲದ ಬೂದು ತಗಡು. ಕಾದ ಇಸ್ತ್ರಿಪೆಟ್ಟಿಗೆ ತರಿಸಿ ತಗಡಿನ ಮೇಲಿಟ್ಟಳು. ತಗಡು ಬಿಸಿಯಾಗಲಿಲ್ಲ, ಪೆಟ್ಟಿಗೆಯೇ ತಣ್ಣಗಾಯಿತು.

ದುರ್ಬೀನಿನವನು ಎರಡಡಿ ದೂರದಿಂದ ದುರ್ಬೀನು ಹಾಕಿ ನೋಡಿದ. ಮೇಷ್ಟ್ರು ಗಾಜಿನ ಡಬ್ಬಿ ಮುಂದೆ ಚಾಚಿದರು. "ಕೊಡು ತಾಯೀ! ಜಗತ್ತಿಗೇ ತೋರಿಸ್ತೀವಿ!"

"ತೋರಿಸೀರಂತೆ," ಎಂದಳು ಇಸ್ತ್ರಿಯವಳು. "ಇಲ್ಲಿ ಬರಹ ಇಲ್ದೆ ಸಾಮಾನು ಕೊಡಲ್ಲ ಮೇಷ್ಟ್ರೇ. ಏನು ಸಿಕ್ತು, ಯಾರ ಕೈಗೆ ಸಿಕ್ತು, ಆ ಕೈ ಏನಾಯ್ತು, ಬರೀರಿ. ನಿಮ್ಮ ವರದಿಯ ಮೊದಲ ಪುಟಾನೂ ಅದೇ ಆಗ್ಬೇಕು, ಡಾಕ್ಟರಿಗೆ ಹೋಗೋ ಪ್ರತೀನೂ ಅದೇ."

ಮೇಷ್ಟ್ರು ಡಬ್ಬಿ ಕೆಳಗಿಟ್ಟು ಬರೆದರು: 'ನಮ್ಮ ಸಂಘದ ಅವಿರತ ಶ್ರಮದಿಂದ...'

ಇಸ್ತ್ರಿಯವಳು ಅವರ ಜೇಬಿಗೇ ಕೈ ಹಾಕಿ ಕೆಂಪು ಪೆನ್ಸಿಲು ತೆಗೆದಳು. ಆ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಗೀಟೆಳೆದಳು.

"ಮನೆ ಗದ್ದಲ," ಎಂದಳು. "ಅಮ್ಮಾ, ನೀನು ಹೇಳು. ಅವರು ಬರ್ಕೊಳ್ತಾರೆ."

ಅಮ್ಮ ಸ್ಟೂಲು ಎಳೆಸಿಕೊಂಡು ಕೂತಳು. ಸುಲಿದ ಅಂಗೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. "ಮೊದಲನೇದಾಗಿ," ಎಂದಳು, "ಅದು ಸೋಪಲ್ಲ."

ಮೇಷ್ಟ್ರು ಹೊಸ ಹಾಳೆ ತಿರುವಿದರು.