ಮಂಜಿನೊಳಗೆ ಬಿಗಿದ ದಾರ

ಸಹೃದಯ ಓದುಗರೇ, ಬಂದರಿನ ಮುಂಜಾವನ್ನು ನೀವು ಕಂಡಿದ್ದೀರೋ ಇಲ್ಲವೋ ನಾನರಿಯೆ. ನಗರವಿನ್ನೂ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು ಮಲಗಿರುವಾಗ, ಇರುಳಿಗೂ ಹಗಲಿಗೂ ಸೇರದ ಆ ಧೂಸರ ಗಳಿಗೆಯಲ್ಲಿ, ಸಮುದ್ರದ ಮೇಲಿಂದ ಮಂಜು ಸದ್ದಿಲ್ಲದೆ ಎದ್ದು ಬರುತ್ತದೆ. ಮೊದಲು ದೂರದ ದೀಪಸ್ತಂಭವನ್ನು ನುಂಗುತ್ತದೆ, ಆಮೇಲೆ ಲಂಗರು ಹಾಕಿದ ಹಡಗುಗಳ ಕಪ್ಪು ಒಡಲುಗಳನ್ನು, ಕಟ್ಟಕಡೆಗೆ ದಡದ ಕ್ರೇನುಗಳ ನೀಳ ಕತ್ತುಗಳನ್ನೂ! ಬೀದಿದೀಪಗಳ ಹೊಂಬೆಳಕು ಆ ಆರ್ದ್ರ ಶ್ವೇತಾಂಧಕಾರದಲ್ಲಿ ಹಾಲಿಗೆ ಬಿದ್ದ ಕೇಸರಿಯಂತೆ ಕರಗಿಹೋಗುತ್ತದೆ. ಅಲೆಗಳು ಕಾಣುವುದಿಲ್ಲ, ಕೇಳುತ್ತವೆ ಅಷ್ಟೇ... ಎಲ್ಲೋ ಕೆಳಗೆ, ಕಲ್ಲಿನ ಸಂದುಗಳಲ್ಲಿ, ಯಾರೋ ಬಾಯಿ ಮುಕ್ಕಳಿಸಿ ಉಗುಳುತ್ತಿರುವ ಹಾಗೆ.

ಎಂಥ ಅಪೂರ್ವ ಸೌಂದರ್ಯ! ಆದರೆ ಆ ಬೆಳಿಗ್ಗೆ ಅದನ್ನು ನೋಡಬೇಕಾಗಿದ್ದ ಎರಡು ಕಣ್ಣುಗಳು ಭೀತಿಯಿಂದ ಅರಳಿ ನಿಂತಿದ್ದವು. ಬಂದರಿನ ಬಾಯಿಯವರೆಗೆ ಚಾಚಿಕೊಂಡಿದ್ದ ಅಲೆತಡೆ ಗೋಡೆಯ ತುದಿಯಲ್ಲಿ, ಮಂಜಿಗೆ ಹೆದರಿ ಬೇರಾರೂ ಗಾಳ ಹಾಕಲು ಬಾರದ ಆ ಹೊತ್ತಿನಲ್ಲಿ, ಆಕೆ ಒಬ್ಬಳೇ ನಿಂತಿದ್ದಳು. ಎದುರಿಗೆ ಆತನ ಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಫ್ಲಾಸ್ಕಿನ ಮುಚ್ಚಳದಲ್ಲಿ ಸುರಿದಿಟ್ಟ ಚಹಾದಿಂದ ಇನ್ನೂ ಹಬೆಯಾಡುತ್ತಿತ್ತು. ಆತನ ಗಾಳದ ಕೋಲು ಕಂಬಿಗೆ ಒರಗಿತ್ತು. ಆತ ಮಾತ್ರ ಇರಲಿಲ್ಲ.

ಆಕೆಯ ಕೆಲಸ ಕೃತಕ ದಂತಗಳಿಗೆ ಬಣ್ಣ ಕೊಡುವುದು. ನಗರದ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ಕಿಟಕಿಯ ಪಕ್ಕ ಕುಳಿತು, ಕೂದಲೆಳೆಯಷ್ಟು ತೆಳುವಾದ ಕುಂಚ ಹಿಡಿದು, ಕಂಡರಿಯದ ಜನರ ನಗೆಗೆ ಒಂದಿಷ್ಟು ಹಳದಿ, ಒಂದಿಷ್ಟು ಬೂದು ಬೆರೆಸುವವಳು. ಆತ ಲಿಫ್ಟ್ ರಿಪೇರಿಯವನು. ಹಗಲೆಲ್ಲ ಎತ್ತರದ ಕಟ್ಟಡಗಳ ಕತ್ತಲ ಕೊಳವೆಗಳಲ್ಲಿ ತಂತಿಗಳ ನಡುವೆ ನೇತಾಡುವವನು. ಇಬ್ಬರೂ ಕೆಲಸಕ್ಕೆ ಹೋಗುವ ಮುನ್ನ ಇಲ್ಲಿಗೆ ಬರುತ್ತಿದ್ದರು. ಎರೆಹುಳುವಿನ ಗೊಡವೆಯಿಲ್ಲದ ಬೇಟೆ ಅವರದು. ದಾರದ ತುದಿಗೆ ಹುಸಿಮೀನನ್ನು ಕಟ್ಟಿ ದೂರಕ್ಕೆಸೆದು, ಅದು ಗಾಯಗೊಂಡ ಮರಿಮೀನಿನಂತೆ ತತ್ತರಿಸುವ ಹಾಗೆ ರೀಲು ಸುತ್ತಿ ಎಳೆದುಕೊಳ್ಳುವುದು. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲತೊಡಗಿದ ಈ ಇಬ್ಬರು ಗಾಳಿಯ ದಿಕ್ಕು, ನೀರಿನ ಬಣ್ಣ, ಮೀನಿನ ಬಿಗುಮಾನ, ಎಲ್ಲದರ ಬಗ್ಗೆಯೂ ಮಾತಾಡಿದ್ದರು. ಒಂದರ ಬಗ್ಗೆ ಮಾತ್ರ ಆಡಿರಲಿಲ್ಲ... ಆ ಒಂದು ಯಾವುದೆಂದು ನಿಮ್ಮಂಥ ರಸಿಕರಿಗೆ ಬಿಡಿಸಿ ಹೇಳಬೇಕೇ?

ಮನೆಯಲ್ಲಿ ಆಕೆಯ ಅಕ್ಕನಿಗೆ ಎಲ್ಲ ಗೊತ್ತಿತ್ತು. "ದಿನಾ ಬೆಳಿಗ್ಗೆ ಹೋಗ್ತೀಯ, ಒಂದು ಮೀನೂ ಮನೆಗೆ ಬರಲ್ಲ. ಹಿಡಿಯೋಕೆ ಹೋಗ್ತೀಯೋ, ಸಿಕ್ಕಿಹಾಕ್ಕೊಳ್ಳೋಕೆ ಹೋಗ್ತೀಯೋ?" ಎಂದು ಕೆಣಕುತ್ತಿದ್ದಳು. ಆಕೆ ಕಿವಿ ಕೆಂಪಗಾಗಿಸಿಕೊಂಡು ಬೂಟು ಹಾಕಿಕೊಳ್ಳುತ್ತಿದ್ದಳು.

ಹಿಂದಿನ ವಾರವಷ್ಟೇ ಆಕೆ ತನ್ನ ಕೈಯಾರೆ ಒಂದು ಹುಸಿಮೀನನ್ನು ಮಾಡಿ ಆತನಿಗೆ ಕೊಟ್ಟಿದ್ದಳು. ಹಲ್ಲು ಎರಕ ಹೊಯ್ಯುವ ದ್ರವ್ಯದಲ್ಲೇ ಅದರ ಮೈ. ಬೆನ್ನಿಗೆ ಸಂಜೆಯ ನೀಲಿ, ಹೊಟ್ಟೆಗೆ ಮುತ್ತಿನ ಬಿಳುಪು, ಒಂದೊಂದು ಹುರುಪೆಯೂ ಬೇರೆ ಬೇರೆ. ಆತ ಅದನ್ನು ಅಂಗೈಯಲ್ಲಿಟ್ಟುಕೊಂಡು, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದ.

"ಇದನ್ನ ನೀರಿಗೆ ಹಾಕೋಕೆ ಮನಸ್ಸು ಬರಲ್ಲ" ಎಂದಿದ್ದ.

"ಹಾಕ್ಲೇಬೇಕು. ಆದ್ರೆ ಕಳ್ಕೊಂಡ್ರೋ, ನಿಮ್ಮನ್ನ ಮತ್ತೆ ಮಾತಾಡ್ಸಲ್ಲ ನೋಡಿ."

ತಮಾಷೆಗೆ ಆಡಿದ ಮಾತು! ಆಡಿದವಳು ನಕ್ಕಿದ್ದಳು, ಕೇಳಿದವನೂ ನಕ್ಕಿದ್ದ. ನಗುತ್ತ ಕೇಳಿಸಿಕೊಂಡ ಮಾತು ಎದೆಯ ಯಾವ ಮೂಲೆಗೆ ಹೋಗಿ ಕೂರುತ್ತದೆಂದು ಯಾರು ಬಲ್ಲರು?

ಈಗ ಆಕೆ ಬೆರಳಿನಿಂದ ಆತನ ಕೋಲಿನ ದಾರವನ್ನು ಮುಟ್ಟಿದಳು. ದಾರ ಬಿಗಿಯಾಗಿತ್ತು. ಅದು ದೂರದ ನೀರಿಗೆ ಹೋಗಿರಲಿಲ್ಲ. ಗೋಡೆಯ ಅಂಚಿನಿಂದ ನೇರ ಕೆಳಕ್ಕೆ, ಅಲೆಗಳ ಹೊಡೆತ ತಡೆಯಲೆಂದು ರಾಶಿ ಹಾಕಿದ್ದ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ ಸಂದಿಗೆ ಇಳಿದಿತ್ತು. ಆ ಗೋಡೆಯ ಮೇಲೆ ಗಾಳ ಹಾಕುವವರೆಲ್ಲ ಒಂದು ಕಟ್ಟಳೆಯನ್ನು ಚಾಚೂತಪ್ಪದೆ ಪಾಲಿಸುತ್ತಿದ್ದರು. ಹುಸಿಮೀನು ದಿಮ್ಮಿಗಳಿಗೆ ಸಿಕ್ಕಿಕೊಂಡರೆ ದಾರ ಕತ್ತರಿಸಿ ಕೈಬಿಡಬೇಕು, ಇಳಿದು ಹುಡುಕಬಾರದು. ಅದಕ್ಕೆಂದೇ ಪ್ರತಿಯೊಬ್ಬರ ಕೊರಳಲ್ಲೂ ಒಂದು ಪುಟ್ಟ ಕತ್ತರಿ ತೂಗುತ್ತಿತ್ತು. ಪಾಚಿ ಹಿಡಿದ ಆ ದಿಮ್ಮಿಗಳ ಮೇಲೆ ಕಾಲು ನಿಲ್ಲುವುದಿಲ್ಲ, ಸಂದಿಗೆ ಬಿದ್ದವರ ಕೂಗು ಮೇಲಕ್ಕೆ ಬರುವುದಿಲ್ಲ.

ಆತ ಕತ್ತರಿಸಿರಲಿಲ್ಲ. ಇಳಿದಿದ್ದ.

"ಎಲ್ಲಿದೀರಾ?" ಎಂದು ಕೂಗಿದಳು. ಮಂಜು ಆಕೆಯ ದನಿಯನ್ನು ಹತ್ತಿಯಂತೆ ಹೀರಿಕೊಂಡಿತು. ಅಂಚಿನಲ್ಲಿ ಬೋರಲು ಮಲಗಿ, ತಲೆಯನ್ನು ಕೆಳಗೆ ಬಾಗಿಸಿ ಮತ್ತೆ ಕೂಗಿದಳು. ನೀರು ಬಂತು, ಹೋಯಿತು. ಆ ಹೋಗುವ ನೀರಿನ ಹಿಂದೆ ಕ್ಷೀಣವಾದ ಒಂದು ದನಿ...

"ಇಲ್ಲಿ... ಇಳಿಬೇಡಿ. ದಯವಿಟ್ಟು ಇಳಿಬೇಡಿ."

ಎರಡು ದಿಮ್ಮಿಗಳ ನಡುವಿನ ಕಂಡಿಯಲ್ಲಿ ಆತನ ಬಿಳಿಚಿದ ಮುಖ ಕಂಡಿತು. ಬಲಗಾಲು ಮೊಣಕಾಲಿನವರೆಗೆ ಸಂದಿಯಲ್ಲಿ ಕಚ್ಚಿಕೊಂಡಿತ್ತು. ಏರುತ್ತಿದ್ದ ನೀರು ಎದೆಗೆ ಬಂದಿತ್ತು. ಕೊರಳ ಕತ್ತರಿ ಬಿದ್ದಾಗಲೇ ಎಲ್ಲೋ ಹೋಗಿತ್ತು, ಫೋನು ನೀರುಪಾಲಾಗಿತ್ತು. ಆಕೆ ತನ್ನ ಫೋನಿನಿಂದ ರಕ್ಷಣಾ ಪಡೆಗೆ ಕರೆ ಮಾಡಿದಳು. ಬರುತ್ತೇವೆ, ಮಂಜಿದೆ, ಗೋಡೆ ಉದ್ದವಿದೆ, ಧೈರ್ಯವಾಗಿರಿ ಎಂದರು. ಧೈರ್ಯ! ಆ ಪದ ಕಿವಿಗೆ ಬಿದ್ದದ್ದೇ ಆಕೆಯಲ್ಲಿ ಉಳಿದಿದ್ದಷ್ಟೂ ಸೋರಿಹೋಯಿತು.

ಅಷ್ಟರಲ್ಲಿ ಮಂಜಿನ ಆಚೆಯಿಂದ ಒಂದು ದೀರ್ಘ ಗಂಭೀರ ಧ್ವನಿ ಕೇಳಿಸಿತು.

ಓದುಗರೇ, ಅದು ಪ್ರತಿದಿನ ಬೆಳಿಗ್ಗೆ ಬಂದರಿಗೆ ಬರುವ ಪ್ರಯಾಣಿಕರ ದೊಡ್ಡ ಹಡಗಿನ ಕೊಂಬು. ಉಳಿದ ದಿನಗಳಲ್ಲಿ ಆಕೆ ಅದನ್ನು ಕೇಳಿ ಸಂತೋಷಪಡುತ್ತಿದ್ದಳು. ಏಕೆಂದರೆ ಆ ಕೊಂಬು ಕೇಳಿದೊಡನೆ ಎಲ್ಲರೂ ಅಂಚಿನಿಂದ ಹಿಂದೆ ಸರಿಯುವರು, ಆತನೂ ಸರಿದು ಆಕೆಯ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಲ್ಲುವನು. ಹಡಗು ಹಾದುಹೋದ ಮೇಲೆ ಅದರ ಒಡಲು ತಳ್ಳಿದ ನೀರು ಗುಡ್ಡದಂತೆ ಎದ್ದು ಬಂದು, ಈ ದಿಮ್ಮಿಗಳ ಮೇಲೆ ಅಪ್ಪಳಿಸಿ, ಗೋಡೆಯ ನೆತ್ತಿಯವರೆಗೆ ಚಿಮ್ಮುತ್ತದೆ. ಆ ನೀರು ಬಂದಾಗ ಕೆಳಗಿನ ಕಂಡಿಗಳಲ್ಲಿ ಉಸಿರಿಗೆ ಜಾಗವಿರುವುದಿಲ್ಲ.

ಆತನಿಗೂ ಅದು ಕೇಳಿಸಿತು. "ನೀವು ಹಿಂದೆ ಹೋಗಿ" ಎಂದ.

ಆಕೆ ಹಿಂದೆ ಸರಿಯಲಿಲ್ಲ. ಆ ಹೊತ್ತಿಗೇ ಗೋಡೆಯ ಪಕ್ಕದಲ್ಲಿ ಎಂಜಿನ್ನಿನ ಗುಡುಗುಡು ಹತ್ತಿರವಾಯಿತು. ಹಡಗಿಗೆ ದಾರಿ ತೋರಿಸಲು ಹೊರಟಿದ್ದ ಚಿಕ್ಕ ದೋಣಿ, ಮಂಜಿಗೆ ಹೆದರಿ ಮೆಲ್ಲಗೆ ತೆವಳುತ್ತಿತ್ತು. ಅದರ ಕೆಂಪು ದೀಪ ಮಸುಕಾಗಿ ಕಂಡಿತು. ಆಕೆ ಕಿರುಚಿದಳು, ಫೋನಿನ ಬೆಳಕನ್ನು ಬೀಸಿದಳು. ಮುಚ್ಚಿದ ಗಾಜಿನ ಒಳಗೆ, ಆ ಎಂಜಿನ್ನಿನ ಸದ್ದಿನಲ್ಲಿ, ಯಾರಿಗೆ ಏನು ಕೇಳೀತು?

ದೋಣಿ ಹಾಯುವಾಗ ರೀಲು ಸುತ್ತಿಕೊಂಡು ಕೋಲನ್ನು ನೆಟ್ಟಗೆ ಹಿಡಿದು ನಿಲ್ಲುವುದು ಆ ಗೋಡೆಯ ಇನ್ನೊಂದು ಮರ್ಯಾದೆ. ದೋಣಿಯತ್ತ ಗಾಳದ ಮುಳ್ಳು ಬೀಸುವುದೆಂದರೆ ಮನುಷ್ಯನ ಮೇಲೆ ಕಲ್ಲೆಸೆದಷ್ಟು ಹೀನ. ಆಕೆ ತನ್ನ ಕೋಲನ್ನು ಕೈಗೆತ್ತಿಕೊಂಡಳು. ಅದರ ತುದಿಗೆ ಸೀಸದ ಭಾರಿ ಹುಸಿಮೀನು ತೂಗುತ್ತಿತ್ತು.

ಮೊದಲ ಎಸೆತ ಹತ್ತಿರದಲ್ಲೇ ನೀರಿಗೆ ಬಿತ್ತು. ಭಯದಿಂದ ಬೆರಳು ಬೇಗ ಸಡಿಲಿಸಿಬಿಟ್ಟಿದ್ದಳು. ರೀಲು ಸುತ್ತುವಾಗ ಹಿಡಿ ಎರಡು ಸಲ ಜಾರಿತು. ದೋಣಿ ಹಾದುಹೋಗುತ್ತಿತ್ತು... ಮುಳ್ಳು ಯಾರ ಕಣ್ಣಿಗಾದರೂ ನಾಟಿದರೆ? ಆ ಯೋಚನೆ ಬಂತು, ಬಂದರೂ ಆಕೆ ಬೀಸಿದಳು. ಸೀಸದ ಮೀನು ಮಂಜಿನಲ್ಲಿ ಮಾಯವಾಯಿತು. ದಾರ ಸುಯ್ಯೆಂದು ಹರಿಯಿತು. ಒಂದು ಉಸಿರಿನ ಮೌನ. ಆಮೇಲೆ, ಗಾಜಿನ ಮೇಲೆ ಠಣ್ಣೆಂಬ ಸದ್ದು!

ದೋಣಿಯ ಬಾಗಿಲು ದಡಾರನೆ ತೆರೆಯಿತು.

"ಯಾರಮ್ಮ ಅದು? ತಲೆ ನೆಟ್ಟಗಿದೆಯಾ ನಿನಗೆ? ಗಾಜು ಒಡೆದೋಯ್ತಲ್ಲ!" ದೋಣಿಯವನ ದನಿ ಸಿಡಿಲಿನಂತೆ ಬಂತು. ಬೈಗುಳ ಅಷ್ಟು ಇಂಪಾಗಿ ಯಾವ ಕಿವಿಗೂ ಕೇಳಿಸಿರಲಾರದು.

"ಮನುಷ್ಯ ಸಿಕ್ಕಿಹಾಕ್ಕೊಂಡಿದಾನೆ! ಕೆಳಗೆ, ದಿಮ್ಮಿ ಒಳಗೆ! ಹಡಗು ನಿಲ್ಲಿಸಿ!"

ಮರುಕ್ಷಣ ದೋಣಿಯವನು ಒಳಗೆ ನುಗ್ಗಿ ರೇಡಿಯೋದಲ್ಲಿ ಕೂಗತೊಡಗಿದ. ಎಂಜಿನ್ನು ನಿಲ್ಲಿಸಿದರೂ ಹಡಗು ಅಲ್ಲೇ ನಿಲ್ಲುವ ಎತ್ತಿನ ಗಾಡಿಯಲ್ಲವಲ್ಲ. "ವೇಗ ಇಳಿಸ್ತಾರೆ, ಆದ್ರೂ ನೀರು ಬರುತ್ತೆ! ಗಟ್ಟಿಯಾಗಿ ಹಿಡ್ಕೋ ಅಂತ ಹೇಳು!" ಎಂದು ಕಿರುಚಿದ.

ಹೇಳುವುದಕ್ಕೆ ಆಕೆ ಮೇಲೆ ಇರಲಿಲ್ಲ. ಯಾವ ದಿಮ್ಮಿಯ ಮೇಲೆ ಕಾಲಿಟ್ಟಳೋ, ಹೇಗೆ ಜಾರಿದಳೋ, ಅಂಗೈ ಎಲ್ಲಿ ತರಚಿತೋ ಆಕೆಗೆ ತಿಳಿಯದು. ಆತನ ಪಕ್ಕದಲ್ಲಿ, ಸೊಂಟದವರೆಗಿನ ಹಿಮಶೀತಲ ನೀರಿನಲ್ಲಿ ನಿಂತಿದ್ದಳು.

"ಇಳಿಬೇಡಿ ಅಂದೆನಲ್ಲ!"

"ಬಾಯ್ಮುಚ್ಚು. ಉಸಿರು ಎಳ್ಕೋ. ನನ್ನ ಹಿಡ್ಕೋ!"

ಆ ನೀರಿನ ಗುಡ್ಡ ಬಂತು. ದಿನನಿತ್ಯದಷ್ಟು ದೊಡ್ಡದಲ್ಲ, ಆದರೂ ಗುಡ್ಡವೇ. ಬೆಳಕು ಹೋಯಿತು, ಸದ್ದು ಹೋಯಿತು. ಆಕೆ ಎರಡೂ ತೋಳುಗಳಿಂದ ಆತನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು ಕಾಂಕ್ರೀಟಿಗೆ ಬೆನ್ನು ಕೊಟ್ಟಿದ್ದಳು. ಕಿವಿಯಲ್ಲಿ ತನ್ನದೇ ರಕ್ತದ ಭೋರ್ಗರೆತ. ಸಾಯುತ್ತೇನೆಂದು ಆಕೆಗೆ ಅನ್ನಿಸಲಿಲ್ಲ. ಈ ತೋಳು ಸಡಿಲಾದರೆ, ಇವನು ಹೋದರೆ, ಎಂಬ ಒಂದೇ ಭಯ ಆಕೆಯನ್ನು ಪೂರ್ತಿ ತುಂಬಿತ್ತು. ನೀರು ಇಳಿಯಿತು. ಆತ ಕೆಮ್ಮಿದ. ಆ ಕೆಮ್ಮು ಕೇಳಿದ್ದೇ ಆಕೆ ಕೊರಳ ಕತ್ತರಿಯನ್ನು ಹಲ್ಲಿಗೆ ಕಚ್ಚಿ, ನೀರೊಳಗೆ ಮುಳುಗಿ, ತಡಕಾಡಿ, ಆತನ ರಬ್ಬರಿನ ಬೂಟನ್ನು ಮೇಲಿಂದ ಕೆಳಕ್ಕೆ ಸೀಳತೊಡಗಿದಳು. ದಾರ ಕತ್ತರಿಸುವ ಪುಟ್ಟ ಕತ್ತರಿ, ರಬ್ಬರು ದಪ್ಪ. ಮೇಲೆ ಬಂದು ಉಸಿರೆಳೆದಳು, ಮತ್ತೆ ಮುಳುಗಿದಳು. ಎಷ್ಟು ಸಲವೋ! ಕೊನೆಗೊಮ್ಮೆ ಕಾಲು ಬೂಟಿನಿಂದ ಸರಕ್ಕನೆ ಕಳಚಿ ಬಂತು. ದೋಣಿಯನ್ನು ಕಟ್ಟಿ ಗೋಡೆ ಹತ್ತಿದ್ದ ದೋಣಿಯವನು ಎಸೆದ ಹಗ್ಗ ಆಗಲೇ ತಲೆಯ ಮೇಲೆ ತೂಗುತ್ತಿತ್ತು.

ಗೋಡೆಯ ಮೇಲೆ, ಕಂಬಳಿಯೊಳಗೆ, ಮುರಿದ ಪಾದ ಚಾಚಿ ಕುಳಿತ ಆತ ಮೊದಲು ಆಡಿದ ಮಾತು ಇದು: "ನಿಮ್ಮ ಮೀನು ಹೋಯ್ತು."

ಆಕೆಗೆ ಅಳು ಬಂತು. ಆತನ ತೋಳಿಗೆ ರಪ್ಪನೆ ಒಂದೇಟು ಹೊಡೆದಳು, ಹೊಡೆದ ಜಾಗವನ್ನೇ ಹಿಡಿದುಕೊಂಡು ಬಿಕ್ಕಿದಳು. ಒಡೆದ ಗಾಜಿನ ಮಾತು ತೆಗೆಯಬೇಕೆಂದು ಬಂದಿದ್ದ ದೋಣಿಯವನು ಟೋಪಿ ಸರಿಪಡಿಸಿಕೊಂಡು ಸಮುದ್ರದ ಕಡೆಗೆ ತಿರುಗಿ ನಿಂತ.

ಆಂಬುಲೆನ್ಸಿನವರು ಬಂದು ಆತನನ್ನು ಎತ್ತಿ ಒಳಗೆ ಮಲಗಿಸಿದರು. ಆಕೆ ಹತ್ತಲು ಹೋದಾಗ ನರ್ಸು ಕೈ ಅಡ್ಡ ಹಿಡಿದಳು. "ಮನೆಯವರನ್ನ ಮಾತ್ರ ಬಿಡೋದು. ನೀವು ಇವರ ಮನೆಯವರಾ?"

ಮಂಜು ಹರಿಯುತ್ತಿತ್ತು. ಆಕೆಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇಷ್ಟು ದಿನ ಆಡದೆ ಉಳಿದದ್ದು ಈಗ ಒಬ್ಬ ಅಪರಿಚಿತೆಯ ಎದುರು, ನಡುಗುವ ಹಲ್ಲುಗಳ ನಡುವೆ, ಒಂದೇ ಪದದಲ್ಲಿ ಹೊರಬರಬೇಕಾಗಿತ್ತು. ಆಕೆ ಆತನತ್ತ ನೋಡಲಿಲ್ಲ. ನೋಡುವುದಕ್ಕೆ ಹೆದರಿದಳು, ನೀರಿಗಿಂತಲೂ ಹೆಚ್ಚು ಹೆದರಿದಳು.

"ಹೌದು" ಎಂದಳು.

ಒಳಗಿನಿಂದ ಆತನ ದನಿ ಕೇಳಿಸಿತು. "ಜಾಗ ಬಿಡಿ ಅವಳಿಗೆ. ಚಳಿ ಆಗ್ತಿದೆ."

ಪ್ರೇಮವು ವಸಂತದ ಹೂವಾಗಿ, ಬೆಳದಿಂಗಳಾಗಿ ಬರುತ್ತದೆಂದು ನಾವೆಲ್ಲ ಓದಿದ್ದೇವೆ. ಹಾಗೂ ಬರಬಹುದು, ಅಲ್ಲಗಳೆಯಲಾರೆ. ಆದರೆ ಎಷ್ಟೋ ಎದೆಗಳಲ್ಲಿ ಅದು ಮೊದಲು ಭಯವಾಗಿಯೇ ಕಣ್ಣು ತೆರೆಯುತ್ತದೆ... ಲೋಕದ ಕೋಟಿ ಜೀವಗಳಲ್ಲಿ ಒಂದು ಜೀವ ಇಲ್ಲವಾದೀತೆಂಬ ಭಯ. ಆಸ್ಪತ್ರೆಯ ದಾರಿಯುದ್ದಕ್ಕೂ ಆತನ ಕೈ ಹಿಡಿದು ಕುಳಿತಿದ್ದ ಆಕೆಯ ನಡುಕ ನಿಲ್ಲಲಿಲ್ಲ. ಬಿಸಿ ಹೊದಿಕೆ ಹೊದಿಸಿದ ಮೇಲೂ ನಿಲ್ಲಲಿಲ್ಲ. ಇನ್ನು ಮುಂದೆ ಈ ಮನುಷ್ಯ ಹೊರಗೆ ಹೋದಾಗಲೆಲ್ಲ, ಬರುವುದು ತಡವಾದಾಗಲೆಲ್ಲ, ತನಗೆ ಹೀಗೇ ಆಗುತ್ತದೆಂದು ಆಕೆಗೆ ತಿಳಿದುಹೋಗಿತ್ತು. ತಿಳಿದೂ ಆಕೆ ಆ ಕೈಯನ್ನು ಬಿಡಲಿಲ್ಲ.