ಆಗಿದ್ದನ್ನು ಮಾತ್ರ

ಶವಪೆಟ್ಟಿಗೆಯ ಮೇಲೆ ಬಗ್ಗಿ, ಅಕ್ಕನ ಮಡಿಸಿದ ಕೈಗಳೊಳಗಿಂದ ಸತ್ಯವೇದವನ್ನು ಎಳೆದುಕೊಳ್ಳಲು ತಂಗಿ ಒದ್ದಾಡುತ್ತಿದ್ದಳು. ಬೆರಳುಗಳು ಸೆಟೆದಿದ್ದವು. ಬದುಕಿದ್ದಾಗ ಹಿಡಿದ ಹಟ ಬಿಡದವಳು ಸತ್ತ ಮೇಲೆ ಬಿಡುತ್ತಾಳೆಯೇ? ಅಂತೂ ಒಂದೊಂದೇ ಬೆರಳು ಸಡಿಲಿಸಿ ಪುಸ್ತಕ ಹೊರಗೆ ತೆಗೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಹೂ ಹಿಡಿದುಕೊಂಡು ಒಳಗೆ ಬಂದಳು.

"ಅದನ್ಯಾಕೆ ತೆಗೀತಿದ್ದೀರಿ? ತನ್ನ ಜೊತೆಗೇ ಇಡಿ ಅಂತ ಅವರೇ ಹೇಳಿದ್ರಲ್ಲ."

"ಧೂಳು ಒರೆಸೋಣ ಅಂತ," ಎಂದಳು ತಂಗಿ.

ಸುಳ್ಳು ಅವಳಿಗೆ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮೂವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತು, ಯಾರು ಏನು ತೊಟ್ಟು ನೋಡಿದರೂ ನಿಮಗೆಂದೇ ಹೊಲಿದ ಹಾಗಿದೆ ಎಂದವಳು. ಅಕ್ಕ ಒಮ್ಮೆ ಆ ಅಂಗಡಿಗೆ ಬಂದು, ಗಿರಾಕಿಯೊಬ್ಬಳಿಗೆ ಈ ಬಣ್ಣದಲ್ಲಿ ಕಾಯಿಲೆಯವಳ ಹಾಗೆ ಕಾಣುತ್ತೀಯಮ್ಮ ಎಂದುಬಿಟ್ಟಿದ್ದಳು. ಆಮೇಲೆ ಮಾಲೀಕ ಅವಳನ್ನು ಹೊಸಿಲು ದಾಟಲು ಬಿಡಲಿಲ್ಲ.

ಅಕ್ಕ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹಾಸುಗಳನ್ನು ಹೊಲಿಯುತ್ತಿದ್ದವಳು. ಅಲ್ಲಿ ಅವಳ ಅಡ್ಡಹೆಸರು ತಕ್ಕಡಿ. ಹಾಸುಗಳಿಗೆ ಗುರುತು ಹಾಕುವ, ತೊಳೆದರೂ ಹೋಗದ ಶಾಯಿಯ ಪೆನ್ನಿನಲ್ಲೇ ಅವಳು ತನ್ನ ಸತ್ಯವೇದದ ನಡುವಿನ ಖಾಲಿ ಹಾಳೆಗಳಲ್ಲಿ ಮನೆಯ ಚರಿತ್ರೆ ಬರೆದಿಟ್ಟಿದ್ದಳು. ಮದುವೆಯಾದದ್ದು, ಮಗ ಹುಟ್ಟಿದ್ದು, ಗಂಡ ಹೋದದ್ದು, ಮಗ ಜೈಲಿಗೆ ಹೋದದ್ದು, ಬಿಡುಗಡೆಯಾದದ್ದು. ದೇವರ ಮಾತಿನ ನಡುವೆ ಬರೆಯುವಾಗ ಆಗಿದ್ದನ್ನು ಮಾತ್ರ ಬರೆಯಬೇಕು, ಆಗಲಿ ಎಂದು ಬಯಸಿದ್ದನ್ನಲ್ಲ ಎನ್ನುತ್ತಿದ್ದಳು.

ಆ ಹಾಳೆಯ ಕೊನೆಯ ಸಾಲು ಮಾತ್ರ ಸುಳ್ಳು. ಅದು ತಂಗಿಯೊಬ್ಬಳಿಗೇ ಗೊತ್ತು. ಇನ್ನು ಅರ್ಧ ಗಂಟೆಗೆ ಬಸ್ಸಿನಿಂದ ಇಳಿಯಲಿದ್ದ ಅಕ್ಕನ ಮಗನ ಕಣ್ಣಿಗೆ ಆ ಸಾಲು ಬೀಳಬಾರದಿತ್ತು.

ಪುಸ್ತಕವನ್ನು ಶಾಲಿನೊಳಗೆ ಮುಚ್ಚಿಕೊಂಡು ಬಾಗಿಲಿಗೆ ಬಂದರೆ ಎದುರಿಗೇ ಪಾಸ್ಟರು. ಅವರು ಕೈ ಚಾಚಿದರು. "ಒಳ್ಳೇದಾಯ್ತು, ಕೊಡಿ. ಇವತ್ತು ನಾನು ಓದಬೇಕಾಗಿರೋದು ಅದರಲ್ಲೇ ಇದೆ."

*

ಮಗ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಂದು ಬೆಳಿಗ್ಗೆ ಅವನ ಪುಟ್ಟ ಮಗಳಿಗೆ ಜ್ವರ ಏರಿತು. ಅವನು ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ನೋಡದ ಲಿಫ್ಟನ್ನು ನೋಡಿದ್ದೇನೆಂದು ಮಾರನೆಯ ದಿನ ಸಹಿ ಹಾಕಿದ. ವಾರದೊಳಗೆ ಲಿಫ್ಟ್ ಕುಸಿದು ಒಬ್ಬ ಮುದುಕ ಸತ್ತ.

ವಿಚಾರಣೆಯವರು ಮನೆಗೆ ಬಂದಾಗ ಅಕ್ಕ ಹೊಲಿಗೆಯಂತ್ರದ ಮುಂದೆ ಇದ್ದಳು. ಲಿಫ್ಟ್ ನೋಡಬೇಕಿದ್ದ ದಿನ ನಿಮ್ಮ ಮಗ ಎಲ್ಲಿದ್ದ ಎಂದು ಕೇಳಿದರು. ಮಗ ಅವರ ಬೆನ್ನ ಹಿಂದೆಯೇ ನಿಂತಿದ್ದ. ಅವನು ಅಮ್ಮನ ಮುಖವನ್ನೇ ನೋಡಿದ.

"ಮನೇಲಿದ್ದ. ಮಗೂಗೆ ಜ್ವರ ಇತ್ತು," ಎಂದಳು ಅಕ್ಕ.

ಎರಡು ವರ್ಷ ಜೈಲಾಯಿತು. ಹೆಂಡತಿ ಮಗುವನ್ನು ಕರೆದುಕೊಂಡು ಹೊರಟುಹೋದಳು. ಬಿಡುಗಡೆಯ ದಿನ ಜೈಲಿನ ಬಾಗಿಲಲ್ಲಿ ಕಾದಿದ್ದ ಅಮ್ಮನನ್ನು ದಾಟಿಕೊಂಡು ಹೋದವನು ಒಂಬತ್ತು ವರ್ಷ ತಿರುಗಿ ನೋಡಲಿಲ್ಲ. ತಾನು ಹೇಳಿದ್ದು ತಪ್ಪೆಂದು ಅಕ್ಕ ಒಂದು ದಿನವೂ ಅನ್ನಲಿಲ್ಲ. ಆದರೆ ಆಮೇಲೆ ಅವಳ ಹೊಲಿಗೆ ಅಂಕುಡೊಂಕಾಯಿತು.

*

ಹಾಸಿಗೆ ಹಿಡಿದ ಮೇಲೆ ಅವಳ ಪ್ರಶ್ನೆ ದಿನಾ ಮಧ್ಯಾಹ್ನ ಒಂದೇ, ಮಗನ ಫೋನ್ ಬಂತಾ? ತಂಗಿ ಹತ್ತೊಂಬತ್ತು ದಿನ ಇಲ್ಲ ಎಂದಳು. ತಾನೇ ಫೋನ್ ಮಾಡಿ ಗೋಗರೆದಳು ಕೂಡ. ಹೇಳೋಕೇನೂ ಇಲ್ಲ ಚಿಕ್ಕಮ್ಮ ಎಂದು ಅವನು ಇಟ್ಟುಬಿಟ್ಟ.

ಇಪ್ಪತ್ತನೆಯ ದಿನ ಅಕ್ಕನ ಕಣ್ಣು ನೋಡಲಾಗದೆ ಅವಳು ಹೇಳಿಬಿಟ್ಟಳು. "ನೀನು ಮಲಗಿದ್ದಾಗ ಬಂದಿತ್ತು. ಕ್ಷಮಿಸಿದ್ದೀನಿ ಅಂತ ಅಮ್ಮಂಗೆ ಹೇಳು ಅಂದ."

ಅಕ್ಕ ಅವಳನ್ನೇ ನೋಡಿದಳು. "ಹೌದಾ?"

"ಹೌದು ಅಕ್ಕ."

ಹುಟ್ಟಿದಾಗಿನಿಂದ ತಂಗಿಯ ಒಂದು ಮಾತನ್ನೂ ಪರೀಕ್ಷಿಸದೆ ನಂಬದ ಅಕ್ಕ ಅವತ್ತು ನಂಬಿದಳು. ಪೆನ್ನು ಕೇಳಿ ಬರೆದಳು: ಮಗ ಕ್ಷಮಿಸಿದ. ಕೆಳಗೆ ತಾರೀಖು. ನೋಡಲು ಬಂದ ಪಾಸ್ಟರಿಗೆ ಅದನ್ನು ತೋರಿಸಿ, ಸಭೆಯ ಮುಂದೆ ಇದನ್ನು ನನ್ನ ಸಾಕ್ಷಿಯಾಗಿ ಓದಿ ಎಂದು ಕೇಳಿಕೊಂಡಳು. ಮೂರನೆಯ ದಿನ ನಗುಮುಖದಲ್ಲೇ ಹೋದಳು.

*

ಪಾಸ್ಟರು ಓದಿದರು. ಸತ್ಯವನ್ನು ಹಿಡಿದು ನಡೆದವಳನ್ನು ದೇವರು ಕೈಬಿಡಲಿಲ್ಲ ನೋಡಿ ಎಂದರು. ಎಲ್ಲರೂ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದ ಮಗನ ಕಡೆ ತಿರುಗಿದರು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅಕ್ಕನ ಜೊತೆಗಿದ್ದ ಮುದುಕನೊಬ್ಬ ಅವನ ಕೈ ಹಿಡಿದು, ದೊಡ್ಡ ಕೆಲಸ ಮಾಡಿದೆಯಪ್ಪಾ ಎಂದು ಕಣ್ಣು ಒರೆಸಿಕೊಂಡ. ಮಗ ಕೈ ಬಿಡಿಸಿಕೊಂಡು ಚಿಕ್ಕಮ್ಮನ ಹಿಂದೆ ಅಡಿಗೆಮನೆಗೆ ಬಂದ.

"ನಾನು ಯಾವಾಗ ಫೋನ್ ಮಾಡಿದ್ದೆ?"

ತಂಗಿಗೆ ಜೀವಮಾನದಲ್ಲಿ ಮೊದಲ ಸಲ ಸುಳ್ಳು ಸಿಗಲಿಲ್ಲ. ಎಲ್ಲವನ್ನೂ ಹೇಳಿದಳು. ಹೇಳಿ ಅವನ ಎರಡೂ ಕೈ ಹಿಡಿದುಕೊಂಡಳು. "ಈಗ್ಲಾದ್ರೂ ಕ್ಷಮಿಸಿದೆ ಅನ್ನಪ್ಪಾ. ನೀನೊಂದು ಮಾತು ಅಂದ್ರೆ ಆ ಸಾಲು ನಿಜ ಆಗುತ್ತೆ."

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಪ್ರಯತ್ನ ಮಾಡುತ್ತಿದ್ದಾನೆಂದು ಅವಳಿಗೆ ಕಾಣುತ್ತಿತ್ತು. ತುಟಿ ಒಂದು ಸಲ ಅಲುಗಿತು ಕೂಡ. ಒಲೆಯ ಮೇಲಿನ ನೀರು ಕುದಿದು ಉಕ್ಕಿತು. ಇಬ್ಬರೂ ಅದನ್ನು ಇಳಿಸಲಿಲ್ಲ.

"ಬರ್ತಿಲ್ಲ ಚಿಕ್ಕಮ್ಮ," ಎಂದ ಕೊನೆಗೆ. "ಬಾರದ್ದನ್ನ ಬಂತು ಅನ್ನೋಕೆ ಅಮ್ಮ ನಂಗೆ ಕಲಿಸಲಿಲ್ಲ."

ಹೊರಗಿನಿಂದ ಪಾಸ್ಟರು ಕರೆದರು. ಮುಚ್ಚಳ ಹಾಕುವ ಮೊದಲು ಸತ್ಯವೇದದಲ್ಲಿ ಅಮ್ಮ ಹೋದ ತಾರೀಖು ಬರೆಯಬೇಕಿತ್ತು. ಬರೆಯಬೇಕಾದವನು ಮಗನೇ. ಅವನು ಪೆಟ್ಟಿಗೆಯ ಪಕ್ಕ ಮಂಡಿಯೂರಿ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದ. ತನ್ನ ಹುಟ್ಟು, ತನ್ನ ಜೈಲು, ತನ್ನ ಬಿಡುಗಡೆ. ತಂಗಿ ಬೇಡ ಎಂಬಂತೆ ತಲೆಯಾಡಿಸುತ್ತಲೇ ಇದ್ದಳು.

ಅವನು ಪ್ರಾರ್ಥನೆಗೆಂದು ಹಂಚಿದ್ದ ಹಾಡಿನ ಹಾಳೆಯ ಅಂಚನ್ನು ಅಳತೆಪಟ್ಟಿಯ ಹಾಗೆ ಒತ್ತಿಟ್ಟು, ಕೊನೆಯ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದ. ಮುದುಕ ಇದೇನಪ್ಪಾ ಇದು ಎಂದ. ಪಾಸ್ಟರು ಮೊದಲು ಮಗನನ್ನೂ ಆಮೇಲೆ ತಂಗಿಯನ್ನೂ ನೋಡಿದರು. ಅವಳು ಶಾಲನ್ನು ಮುಖಕ್ಕೆ ಎಳೆದುಕೊಂಡಳು. ಮಗ ಗೆರೆಯ ಕೆಳಗೆ ಅಮ್ಮ ಹೋದ ತಾರೀಖನ್ನು ಬರೆದ. ಅಕ್ಷರ ಥೇಟ್ ಅವಳದೇ.

ಪುಸ್ತಕವನ್ನು ಮತ್ತೆ ಅವಳ ಕೈಯಲ್ಲಿಡಲು ನೋಡಿದ. ಒಳಕ್ಕೆ ಮಡಚಿ ಸೆಟೆದ ಬೆರಳುಗಳು ತೆರೆಯಲಿಲ್ಲ. ಅವನು ಬಲವಂತ ಮಾಡಲಿಲ್ಲ, ಅದನ್ನು ಕಾಲ ಬಳಿ ಇಟ್ಟ. ಎದೆಯ ಮೇಲೆ ಆ ಎರಡು ಕೈಗಳು, ನಡುವೆ ಒಂದು ಪುಸ್ತಕದಷ್ಟು ಜಾಗ ಬಿಟ್ಟುಕೊಂಡು ಹಾಗೇ ಇದ್ದವು. ಮುಚ್ಚಳ ಹಾಕಿದರು.