ಸಾಕು ಎನ್ನುವವರು

ನಾನು ಕ್ರೀಮ್ ಕಡೆಯುವ ಕೈ ಬೀಟರ್. ಹಿಡಿ ತಿರುಗಿಸಿದರೆ ಮೇಲಿನ ಹಲ್ಲುಚಕ್ರ ತಿರುಗುತ್ತದೆ, ಕೆಳಗಿನ ಎರಡು ಉಕ್ಕಿನ ರೆಕ್ಕೆಗಳು ಗಿರಗಿರನೆ ಸುತ್ತುತ್ತವೆ. ಇಷ್ಟೇ ನನ್ನ ವಿದ್ಯೆ. ನನ್ನನ್ನು ಮಾಡಿದ ಪುಣ್ಯಾತ್ಮರು ಚಕ್ರದ ಒಂದು ಹಲ್ಲನ್ನು ಸೊಟ್ಟಗೆ ಬಿಟ್ಟರು. ಅದಕ್ಕೇ ಪ್ರತಿ ಸುತ್ತಿಗೂ ಟಕ್ ಎನ್ನುತ್ತೇನೆ. ಮೊದಮೊದಲು ಅದರಿಂದ ನನಗೆ ಬಹಳ ನಾಚಿಕೆಯಾಗುತ್ತಿತ್ತು.

ಬೆಟಗೇರಿಯ ಗುರುಶಾಂತಪ್ಪನವರ ಬೇಕರಿಗೆ ಬಂದು ಸೇರಿದೆ. ಅವರು ಹೆಚ್ಚು ಮಾತಿನವರಲ್ಲ. ಒಂದು ದಿನ ನೀಲವ್ವ ಕೆಲಸ ಕೇಳಿಕೊಂಡು ಬಂದಳು. ಗಂಡ ತೀರಿಕೊಂಡಿದ್ದ, ಮನೆಯ ಎಮ್ಮೆಗಳು ಮೈದುನನ ಪಾಲಾಗಿದ್ದವು. ಈ ಕೆಲಸವೂ ಸಿಗದಿದ್ದರೆ ತವರಿನಲ್ಲಿ ಮೂಲೆ ಹಿಡಿಯಬೇಕಿತ್ತು.

"ಇದನ್ನ ತಿರುವು, ನೋಡೂಣು," ಎಂದು ಅವರು ಐಸ್ ಮೇಲಿಟ್ಟ ಪಾತ್ರೆಗೆ ಕ್ರೀಮ್ ಸುರಿದು ಒಲೆಯ ಕಡೆ ಹೋದರು.

ಅವಳು ತಿರುವಿದಳು. ಕ್ರೀಮ್ ಉಬ್ಬಿತು, ನನ್ನನ್ನು ಎತ್ತಿದರೆ ಅದರ ತುದಿ ನೆಟ್ಟಗೆ ನಿಲ್ಲುವಷ್ಟಾಯಿತು. ಅಲ್ಲಿಗೆ ಬಿಡಬೇಕು. ಆದರೆ ಚಿಕ್ಕಂದಿನಿಂದ ಮೊಸರು ಕಡೆದ ಕೈ ಅದು, ಬೆಣ್ಣೆ ಕಾಣದೆ ನಿಲ್ಲಬೇಕಲ್ಲ! ಕ್ರೀಮ್ ತರಿತರಿಯಾಯಿತು, ನೀರು ಬಿಟ್ಟಿತು.

"ಬೆಣ್ಣಿ ಬಂತ್ರಿ ಮಾಲಕ್ರ!" ಎಂದು ಸಂಭ್ರಮದಿಂದ ಕೂಗಿದಳು.

ಗುರುಶಾಂತಪ್ಪನವರು ಪಾತ್ರೆ ನೋಡಿದರು, ಅವಳ ಮುಖ ನೋಡಿದರು. ಕೆಲಸ ಹೋಯಿತೆಂದೇ ನಾನು ತಿಳಿದೆ. ಅವರು ಬೆಣ್ಣೆಯನ್ನು ತೆಗೆದು ಬಿಸ್ಕತ್ತಿನ ಹಿಟ್ಟಿಗೆ ಹಾಕಿದರು.

"ನಾಳಿಂದ ಬಾರವ್ವಾ. ಸಾಕು ಅನ್ನೂದು ನನ್ನ ಕೆಲಸ."

ಇಪ್ಪತ್ತೆರಡು ವರ್ಷ ಅವರು ಆ ಕೆಲಸ ತಪ್ಪಿಸಲಿಲ್ಲ. ಒಲೆಯ ಕಡೆ ಮುಖ ಮಾಡಿಕೊಂಡೇ ನನ್ನ ಟಕ್ ಟಕ್ ಕೇಳುತ್ತಿದ್ದರು. ಕ್ರೀಮ್ ಗಟ್ಟಿಯಾಗಿ ನನ್ನ ಸದ್ದು ನಿಧಾನವಾದ ಕೂಡಲೇ, "ಸಾಕು, ನೀಲವ್ವಾ." ಅಷ್ಟರಲ್ಲಿ ಅವಳಿಗೂ ಹದ ತಿಳಿದಿತ್ತು ಬಿಡಿ. ಆದರೂ ಆ ಮಾತು ಬರುವ ತನಕ ಕೈ ನಿಲ್ಲಿಸುತ್ತಿರಲಿಲ್ಲ. ನನ್ನ ಸೊಟ್ಟ ಹಲ್ಲಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗಲೇ.

ಒಂದು ಶ್ರಾವಣದಲ್ಲಿ ಅವರು ತೀರಿಕೊಂಡರು. ಬೇಕರಿಗೆ ಕರೆಂಟಿನ ಮಶೀನು ಬಂತು. ನೀಲವ್ವ ಕೆಲಸ ಬಿಟ್ಟಳು. ಹೋಗುವಾಗ ನನ್ನೊಬ್ಬನನ್ನು ಕೇಳಿ ಪಡೆದಳು.

ಅಂದಿನಿಂದ ಅವಳ ಒಂದೇ ಕೋಣೆಯ ಮನೆಯಲ್ಲಿ, ಮೊಳೆಯ ಮೇಲೆ ನನ್ನ ವಾಸ. ಸೋಮವಾರಕ್ಕೊಮ್ಮೆ ಅವಳು ಚಿಕ್ಕ ಪ್ಯಾಕೆಟ್ ಕ್ರೀಮ್ ತಂದು ತಿರುವುತ್ತಿದ್ದಳು. ಹದ ಬಂದಾಗ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಿದ್ದಳು. ಸಾಕು ಎನ್ನುವವರು ಯಾರೂ ಇರಲಿಲ್ಲ. ಕೈ ನಿಲ್ಲುತ್ತಿರಲಿಲ್ಲ. ಕೊನೆಗೆ ಬೆಣ್ಣೆಯನ್ನು ರೊಟ್ಟಿಗೆ ಸವರಿಕೊಂಡು ತಿನ್ನುತ್ತಿದ್ದಳು. ನನಗೊಂದು ಬಾಯಿ ಇದ್ದಿದ್ದರೆ! ಉಳಿದ ಆರು ದಿನ ಗೋಡೆ ನೋಡುತ್ತಾ ಇದನ್ನೇ ಯೋಚಿಸುತ್ತಿದ್ದೆ. ಬಹಳ ಒಂಟಿ ಅನಿಸುತ್ತಿತ್ತು.

ಬರಬರುತ್ತಾ ನನ್ನ ಚಕ್ರಕ್ಕೆ ತುಕ್ಕು ಹಿಡಿಯಿತು. ಕಳೆದ ಸೋಮವಾರ ಕ್ರೀಮಿನ ಹದ ಬರುವ ಹೊತ್ತಿಗೆ ಸರಿಯಾಗಿ ಸೊಟ್ಟ ಹಲ್ಲು ಸಿಕ್ಕಿಕೊಂಡಿತು. ಟಕ್. ಅವಳು ಬಲ ಹಾಕಿದಳು. ನಾನು ಕದಲಲಿಲ್ಲ.

ನೀಲವ್ವ ಪಾತ್ರೆ ನೋಡಿದಳು. ಕ್ರೀಮ್ ಬೆಳ್ಳಗೆ, ನೆಟ್ಟಗೆ ನಿಂತಿತ್ತು.

"ಸಾಕಂತೀರೇನ್ರಿ?" ಎಂದಳು ಮೆಲ್ಲಗೆ. ಹಿಡಿಯಿಂದ ಕೈ ತೆಗೆದಳು.

ಇನ್ನು ನಾನು ತಿರುಗಲಾರೆ. ಆದರೆ ಅಂದು ಅವಳು ನನ್ನನ್ನು ತೊಳೆದು ಮೊಳೆಗೆ ಹಾಕಲಿಲ್ಲ. ತಟ್ಟೆಯ ಎದುರಿಗೆ ಇಟ್ಟುಕೊಂಡು ಉಣ್ಣಲು ಕೂತಳು.